ಕ್ಲಬ್ಬಿನ ಅಂಗಿ ತೊಳೆಯುತ್ತಿದ್ದವರು

ಹೋದ ವಾರ ಒಬ್ಬ ಹೆಂಗಸು ಮಗಳ ಸಾಕರ್ ಬಟ್ಟೆಗಳ ಚೀಲ ತಂದು ಕೌಂಟರಿನ ಮೇಲಿಟ್ಟರು. ಶನಿವಾರದ ಆಟದ ಬಟ್ಟೆ. ನಾಲ್ಕು ದಿನ ಕಾರಿನ ಟ್ರಂಕಿನಲ್ಲೇ ಮರೆತಿದ್ದರಂತೆ. ಚೀಲದ ಬಾಯಿ ಬಿಚ್ಚಿದೊಡನೆ ಒದ್ದೆ ಹುಲ್ಲು, ಬೆವರು, ಜಾರ್ಜಿಯಾದ ಕೆಂಪು ಜೇಡಿಮಣ್ಣು ಮೂರೂ ಬೆರೆತು ಮುಗ್ಗಿದ ವಾಸನೆ ಮುಖಕ್ಕೆ ಬಡಿಯಿತು. ಅವರು ‘ಸಾರಿ ಸಾರಿ’ ಅನ್ನುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. ಹುಟ್ಟಿದಾಗಿನಿಂದ ಇನ್ನೊಬ್ಬರ ಬೆವರು ತೊಳೆದೇ ಅನ್ನ ತಿಂದವನಿಗೆ ವಾಸನೆ ಏನು ಮಾಡುತ್ತದೆ? ಆದರೂ ನನ್ನ ಕೈ ಚೀಲದೊಳಗೇ ನಿಂತುಬಿಟ್ಟಿತು. ಜರ್ಮನಿ ಅಂಕಲ್ ಇದ್ದಿದ್ದರೆ ಎದ್ದು ಬಂದು ಚೀಲಕ್ಕೆ ಮೂಗು ಹಾಕಿ, ಮಳೆ ಆಟಕ್ಕೆ ಮೊದಲು ಬಂದದ್ದೋ ನಡುವೆ ಬಂದದ್ದೋ ಹೇಳಿಬಿಡುತ್ತಿದ್ದರು...

ಅವರು ಜರ್ಮನಿಯವರೇನಲ್ಲ. ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಅವರ ತಂದೆ ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು. ಇವರು ಅಲ್ಲೇ ಮೆಷಿನ್ ರಿಪೇರಿ ಕಲಿತು, ಪಾದ್ರಿಯೊಬ್ಬರ ಶಿಫಾರಸಿನ ಮೇಲೆ ಜರ್ಮನಿಯ ಒಂದು ಸಣ್ಣ ಊರಿನ ಹಂಚಿನ ಕಾರ್ಖಾನೆಗೆ ಹೋದರು. ಆ ಊರಿನ ಹೆಸರು ಎಷ್ಟು ಸಲ ಕೇಳಿದರೂ ನನ್ನ ನಾಲಗೆಗೆ ಹತ್ತಲಿಲ್ಲ. ಹೆಂಡತಿ, ಮಗಳು ಮಂಗಳೂರಿನಲ್ಲೇ ಉಳಿದರು. ಎರಡು ವರ್ಷಕ್ಕೊಮ್ಮೆ ರಜೆ, ತಿಂಗಳಿಗೊಂದು ಕಾಗದ. ಹೀಗೆ ಮೂವತ್ತು ಚಿಲ್ಲರೆ ವರ್ಷ. ಹೆಂಡತಿ ತೀರಿಕೊಂಡಾಗ ಮಗಳು ಇಲ್ಲಿ ಅಮೆರಿಕದಲ್ಲಿ, ಜಾರ್ಜಿಯಾದ ಸುವಾನಿಯಲ್ಲಿ ಮನೆ ಮಾಡಿದ್ದಳು. ಅವಳೇ ಅಪ್ಪನನ್ನು ಕರೆಸಿಕೊಂಡಳು. ನಮ್ಮ ಕನ್ನಡದವರೆಲ್ಲ ಅವರನ್ನು ಜರ್ಮನಿ ಅಂಕಲ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ನನ್ನ ವಿಷಯ ಮುಚ್ಚಿಡುವಂಥದ್ದೇನಿಲ್ಲ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪನಿಗೆ ಸೊಂಟ ಬಿದ್ದುಹೋಯಿತು, ಬೆಂಗಳೂರಿನ ದೋಬಿಘಾಟಿನ ಕಲ್ಲು ನನ್ನ ಪಾಲಿಗೆ ಬಂತು. ಆಮೇಲೆ ಇಸ್ತ್ರಿ ಗಾಡಿ, ಆಮೇಲೆ ದೊಡ್ಡ ಹೋಟೆಲಿನ ಲಾಂಡ್ರಿ. ನರ್ಸ್ ಆಗಿದ್ದ ಅಕ್ಕ ಇಲ್ಲಿಗೆ ಕರೆಸಿಕೊಂಡಳು. ಒಬ್ಬ ಕೊರಿಯನ್ ಮಾಲೀಕರ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದೆ. ಅವರು ನಿವೃತ್ತರಾದಾಗ ಅಂಗಡಿಯನ್ನು ನಾನೇ ತೆಗೆದುಕೊಂಡೆ. ಇದರಲ್ಲಿ ನಾಚಿಕೆ ಪಡುವುದು ಏನಿದೆ? ಆದರೆ ನಮ್ಮವರ ಪಾರ್ಟಿಗಳಲ್ಲಿ, ‘ಯಾವ ಕಂಪನಿ ನೀವು?’ ಅಂತ ಕೇಳಿ, ನನ್ನ ಉತ್ತರ ಕೇಳಿಸಿಕೊಂಡ ಮೇಲೆ ಅವರ ಕಣ್ಣು ಮೆಲ್ಲಗೆ ಪಕ್ಕದವರ ಕಡೆ ಹೋಗುವುದನ್ನು ಎಷ್ಟು ಸಲ ನೋಡಿದ್ದೇನೆ. ರಾಜ್ಯೋತ್ಸವದ ಹಿಂದಿನ ದಿನ ಮಾತ್ರ ಅವರೆಲ್ಲರ ರೇಷ್ಮೆ ಪಂಚೆ, ರೇಷ್ಮೆ ಸೀರೆ ನನ್ನ ಕೈಗೇ ಬರಬೇಕು.

ಅಂಕಲ್ ಮೊದಲ ಸಲ ಅಂಗಡಿಗೆ ಬಂದದ್ದು ನಡೆದುಕೊಂಡು. ಸುವಾನಿಯಲ್ಲಿ ಯಾರೂ ನಡೆಯುವುದಿಲ್ಲ. ಹೊಳೆಯುವ ಹಳದಿ ವೆಸ್ಟ್ ಹಾಕಿಕೊಂಡು, ರಸ್ತೆ ರಿಪೇರಿಯವರ ಹಾಗೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಅಳಿಯನ ಶರ್ಟ್, ಹಿಂದಿನ ದಿನ ನಾವೇ ಕೊಟ್ಟಿದ್ದು.

“ಈ ಕಾಲರ್ ಯಾರು ಪ್ರೆಸ್ ಮಾಡಿದ್ದು?”

“ನಾನೇ ಅಂಕಲ್. ಏನಾಗಿದೆ?”

“ಎಂತ ಆಗ್ಲಿಲ್ಲ. ಒಳ್ಳೆದುಂಟು. ಅದಕ್ಕೇ ಕೇಳಿದ್ದು.”

ಅಷ್ಟು ಹೇಳಿ, ಯಾರೂ ಕೂರಿ ಅನ್ನದೆ, ಕೌಂಟರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮಾರನೆಯ ದಿನವೂ ಬಂದರು. ಆಮೇಲೆ ಎರಡು ವರ್ಷ, ವಾರಕ್ಕೆ ನಾಲ್ಕು ಮಧ್ಯಾಹ್ನ, ಆ ಕುರ್ಚಿ ಅವರದ್ದೇ.

ಅವರು ಕೆಲಸ ನೋಡುವ ರೀತಿಯಿಂದಲೇ ನನಗೆ ಅನುಮಾನ ಬಂದಿತ್ತು. ಕಲೆಯನ್ನು ಬಟ್ಟೆಯ ಹಿಂಬದಿಯಿಂದ ನೋಡುತ್ತಿದ್ದರು. ಕೈಯಲ್ಲಿ ತೊಳೆದವರಿಗೆ ಮಾತ್ರ ಗೊತ್ತಿರುವ ರೀತಿ ಅದು. ಒಂದು ದಿನ ನೇರವಾಗಿ ಕೇಳಿಯೇ ಬಿಟ್ಟೆ.

“ಅಂಕಲ್, ನಿಮ್ಮ ಮಗಳು ನೀವು ಅಲ್ಲಿ ಫುಟ್‌ಬಾಲ್ ಕ್ಲಬ್ ಮ್ಯಾನೇಜ್‌ಮೆಂಟಲ್ಲಿದ್ರಿ ಅಂತಾರೆ. ನಿಜ ಹೇಳಿ, ನೀವು ಬಟ್ಟೆ ಒಗ್ದಿದ್ದೀರ ತಾನೆ?”

“ಮೂವತ್ತೊಂದು ಸೀಸನ್,” ಅಂದರು. “ಹದಿನೈದು ಅಂಗಿ, ಹದಿನೈದು ಚಡ್ಡಿ, ಮೂವತ್ತು ಸಾಕ್ಸ್. ಪ್ರತಿ ಭಾನುವಾರ. ಒಂದು ಸಾಕ್ಸ್ ಕಳ್ದು ಹೋಗ್ಲಿಲ್ಲ ಮಾರಾಯ.”

ಅಲ್ಲಿಂದ ಶುರುವಾಯಿತು ಆ ಕ್ಲಬ್ಬಿನ ಚರಿತ್ರೆ. ಹಬೆಯ ಸದ್ದಿನ ನಡುವೆ, ತುಂಡು ತುಂಡಾಗಿ.

ಕ್ಲಬ್ ಶುರು ಮಾಡಿದ್ದು ಸಾಹುಕಾರರಲ್ಲ, ಹಂಚು ಮಾಡುವವರು. ಮಣ್ಣು ತೆಗೆದು ತೆಗೆದು ಕಾರ್ಖಾನೆಯ ಹಿಂದೆ ದೊಡ್ಡ ಗುಂಡಿ ಬಿದ್ದಿತ್ತಂತೆ. ಕೆಲಸ ಮುಗಿದ ಮೇಲೆ ಒಡೆದ ಹಂಚು, ಬೂದಿ, ಉಳಿದ ಜೇಡಿಮಣ್ಣು ತಂದು ಸುರಿದು ಸುರಿದು ಆ ಗುಂಡಿಯನ್ನು ಮೈದಾನ ಮಾಡಿದರು. ಮಳೆ ಬಂದರೆ ನೀರು ಇಳಿಯದು. ಹೊರಗಿನ ಟೀಮುಗಳು ಅಲ್ಲಿ ಆಡಲು ಹೆದರುತ್ತಿದ್ದವು. ಯುದ್ಧಕ್ಕೆ ಹೋದ ಹನ್ನೊಂದು ಜನರಲ್ಲಿ ನಾಲ್ವರು ವಾಪಸು ಬಂದರು. ಆ ಕಾಲದಲ್ಲಿ ಮೈದಾನದಲ್ಲಿ ಆಲೂಗೆಡ್ಡೆ ಬೆಳೆದರು, ಒಂದು ಚಳಿಗಾಲ ಗೋಲಿನ ಕಂಬಗಳನ್ನೇ ಒಲೆಗೆ ಹಾಕಿದರು. ಆಮೇಲೆ ಯುದ್ಧದಲ್ಲಿ ಪೂರ್ವದ ಊರುಗಳಿಂದ ಓಡಿಬಂದವರ ಮಕ್ಕಳು ಆಡಿದರು, ಕಾರ್ಖಾನೆಗೆ ಬಂದ ಇಟಲಿಯವರು ಆಡಿದರು, ತುರ್ಕಿಯವರು ಆಡಿದರು. ಒಂದೇ ಒಂದು ವರ್ಷ ಮೇಲಿನ ಲೀಗಿಗೆ ಹತ್ತಿದರು, ಮುಂದಿನ ವರ್ಷವೇ ಇಳಿದರು. ಅಂಕಲ್ ಆ ಒಂದು ವರ್ಷದ ಪ್ರತಿ ಪಂದ್ಯವನ್ನೂ ಹೇಳಬಲ್ಲವರಾಗಿದ್ದರು. ಯಾರು ಗೋಲು ಹೊಡೆದರು ಅಂತಲ್ಲ, ಯಾರ ಅಂಗಿಗೆ ಎಂಥ ಕಲೆಯಾಗಿತ್ತು ಅಂತ.

ಅವರು ಅದಕ್ಕೆ ಸೇರಿದ್ದು ಹೀಗೆ. ಊರಿಗೆ ಹೋದ ಮೊದಲ ತಿಂಗಳು, ಭಾಷೆ ಬಾರದು, ಭಾನುವಾರ ಎಲ್ಲಿಗೆ ಹೋಗುವುದು? ಮೈದಾನಕ್ಕೆ ಹೋದರು. ಆಟ ಮುಗಿದ ಮೇಲೆ ಒಬ್ಬ ಮುದುಕಿ ಒದ್ದೆ ಅಂಗಿಗಳ ಬುಟ್ಟಿ ಎತ್ತಲಾರದೆ ನಿಂತಿದ್ದಳು. ಇವರು ಬುಟ್ಟಿಯ ಇನ್ನೊಂದು ಕಡೆ ಹಿಡಿದರು. ಮುಂದಿನ ಭಾನುವಾರವೂ ಹಿಡಿದರು. ಮುದುಕಿಗೆ ಮಂಡಿ ಹೋದ ಮೇಲೆ ಬುಟ್ಟಿ ಪೂರ್ತಿ ಇವರದ್ದಾಯಿತು. ಸಂಬಳವಿಲ್ಲ. ಕ್ಲಬ್ ಮನೆಯ ನೆಲಮಾಳಿಗೆಯಲ್ಲಿ ಒಂದು ಹಂಡೆ, ಒಂದು ಮೆಷಿನ್. ಸೋಮವಾರ ಬೆಳಗ್ಗೆ ಶಿಫ್ಟಿಗೆ ಹೋಗುವ ಮೊದಲು ಗೋಲಿನ ಹಿಂದಿನ ತಂತಿಗೆ ಅಂಗಿ ಒಣಹಾಕುವುದು.

“ಬಸ್ಸು ಆ ಕಡೆಯಿಂದ್ಲೇ ಹೋಗುದು. ಗೆದ್ರೆ ನಂಬರ್ ಸರಿಯಾಗಿ, ಒಂದು ಎರಡು ಮೂರು ಅಂತ ಒಣಹಾಕ್ತಿದ್ದೆ. ಸೋತ್ರೆ ಎಲ್ಲ ಒಳಗಿಂದ ಹೊರಗೆ ತಿರುಗಿಸಿ. ಬಸ್ಸಲ್ಲಿ ಹೋಗುವವರಿಗೆ ಪೇಪರ್ ಬೇಡ, ನನ್ನ ತಂತಿ ಸಾಕು.”

“ಡ್ರಾ ಆದ್ರೆ?”

“ಅರ್ಧ ಹಾಗೆ, ಅರ್ಧ ಹೀಗೆ. ಅದೆಂತ ಪ್ರಶ್ನೆ?”

ಅವರು ಇಷ್ಟು ನಕ್ಕು ಹೇಳುತ್ತಿದ್ದ ಚರಿತ್ರೆ ಒಂದು ಕಡೆ ಬಂದು ನಿಂತುಬಿಡುತ್ತಿತ್ತು. ನದಿಯ ಆಚೆ ದಡದ ಊರಿನ ಕ್ಲಬ್ಬಿಗೂ ಇವರಿಗೂ ತಲೆತಲಾಂತರದ ಜಗಳ. ಆಡುವ ಹುಡುಗರು ಎರಡೂ ಊರಿನಲ್ಲಿ ಕಡಿಮೆಯಾದಾಗ ಎರಡು ಕ್ಲಬ್ಬನ್ನೂ ಸೇರಿಸಿ ಒಂದು ಮಾಡಿದರು. ಹಳೆಯ ಮೈದಾನ ಸೂಪರ್‌ಮಾರ್ಕೆಟ್ಟಿಗೆ ಹೋಯಿತು. “ಅಲ್ಲಿಗೆ ಮುಗೀತು,” ಅನ್ನುತ್ತಿದ್ದರು. ಆ ಕೊನೆಯ ಪಂದ್ಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೆದಕಲಿಲ್ಲ.

ಹಳೆಯ ಕ್ಲಬ್ಬು ಶುರುವಾಗಿ ನೂರು ವರ್ಷ ತುಂಬುತ್ತಿತ್ತು. ಸೇರಿ ಒಂದಾದ ಕ್ಲಬ್ಬಿನಿಂದ ಹಳಬರಿಗೆಲ್ಲ ಕಾಗದ ಬಂದಿತ್ತು, ಇವರಿಗೂ. ನೂರು ವರ್ಷದ ಚರಿತ್ರೆಯ ಪುಸ್ತಕ ಮಾಡುತ್ತಾರಂತೆ. ಆ ಕಾಗದವನ್ನು ಅಂಗಡಿಗೆ ತಂದು ನನಗೆ ತೋರಿಸಿದರು. ಜರ್ಮನ್ ನನಗೇನು ಓದಲು ಬರುತ್ತದೆ? ಆದರೂ ಕೈ ಒರೆಸಿಕೊಂಡು ಹಿಡಿದುಕೊಂಡೆ.

“ಮಗಳಿಗೆ ನಾನು ಅಂಗಿ ತೊಳೀತಿದ್ದದ್ದು ಹೇಳ್ಬೇಡ, ಆಯ್ತಾ?”

“ಯಾಕೆ ಅಂಕಲ್? ಮರ್ಯಾದೆ ಹೋಗತ್ತಾ?” ನನ್ನ ದನಿ ಸ್ವಲ್ಪ ಗಟ್ಟಿಯಾಯಿತು.

“ಮರ್ಯಾದೆ ಅಲ್ಲ ಮಾರಾಯ. ಚರ್ಚಲ್ಲಿ ಅವ್ಳ ಫಸ್ಟ್ ಕಮ್ಯೂನಿಯನ್ನಿಗೆ ನಾನು ಇರ್ಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಇರ್ಲಿಲ್ಲ. ಭಾನುವಾರ ಭಾನುವಾರ ಅಲ್ಲಿ ಎಂತ ಮಾಡ್ತಿದ್ರಿ ಡ್ಯಾಡಿ ಅಂತ ಕೇಳಿದ್ರೆ, ಕ್ಲಬ್ಬಲ್ಲಿ ಇದ್ದೆ ಅಂತ ಬರ್ದೆ. ಅವ್ಳೇ ಮ್ಯಾನೇಜ್‌ಮೆಂಟ್ ಮಾಡಿದ್ಳು. ಈಗ ಬಾಯಲ್ಲಿ ಹೇಳಿದ್ರೆ ಮುದುಕ ಎಂತದೋ ಹೇಳ್ತಾನೆ ಅಂತ ಆಗ್ತದೆ. ಬುಕ್ಕಲ್ಲಿ ಪ್ರಿಂಟ್ ಆಗಿ ಬರ್ಲಿ. ಹೆಸ್ರು, ಕೆಲ್ಸ, ಎಷ್ಟು ವರ್ಷ. ಅವ್ಳ ಕೈಗೆ ಅದನ್ನೇ ಕೊಡ್ತೇನೆ.”

ಆ ಕ್ಷಣ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ... ನನ್ನಪ್ಪನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇವರದ್ದಾದರೂ ಬರಲಿ ಅನಿಸಿತು.

ಹಾಗಂತ ನಮ್ಮ ನಡುವೆ ಪೈಪೋಟಿ ಇರಲಿಲ್ಲ ಎಂದಲ್ಲ. ನಾನು ಯಾವುದಾದರೂ ಹಟಮಾರಿ ಕಲೆ ತೆಗೆದು ಬೆಳಕಿಗೆ ಹಿಡಿದರೆ ಅವರು ಮೂತಿ ತಿರುವುತ್ತಿದ್ದರು. “ನಿಂದೆಲ್ಲ ಆಫೀಸ್ ಕೊಳೆ. ಕಾಫಿ, ಸಾಂಬಾರು, ಲಿಪ್‌ಸ್ಟಿಕ್. ನಮ್ಮ ಗೋಲ್‌ಕೀಪರಿನ ಅಂಗಿ ತೊಳ್ದು ನೋಡು. ಹಂಚಿನ ಮಣ್ಣು ಅದು. ನೂಲಿನ ಒಳಗೆ ಹೋಗಿ ಕೂತ್ಕೊಳ್ತದೆ.”

“ಕೊಟ್ಟು ನೋಡಿ ಅಂಕಲ್. ಜಾರ್ಜಿಯಾ ಮಣ್ಣು ತೆಗೆಯೋನು ನಾನು.”

“ಹೋ... ದೊಡ್ಡ ಜನ.”

ಎರಡು ವರ್ಷದಲ್ಲಿ ಆ ‘ಒಳ್ಳೆದುಂಟು’ ಎಂಬ ಮಾತು ಮತ್ತೊಮ್ಮೆ ಅವರ ಬಾಯಿಂದ ಬಂದಿರಲಿಲ್ಲ. ನಾನು ಅದಕ್ಕೆ ಕಾಯುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಕೊರೊನಾ ಬಂತು. ನೂರನೇ ವರ್ಷದ ಹಬ್ಬ ಮುಂದಕ್ಕೆ ಹೋಯಿತು, ಪುಸ್ತಕವೂ ಮುಂದಕ್ಕೆ ಹೋಯಿತು. ಆಫೀಸಿನವರೆಲ್ಲ ಮನೆಯಲ್ಲಿ ಚಡ್ಡಿ ಹಾಕಿಕೊಂಡು ಕೂತರು; ಶರ್ಟ್ ಇಸ್ತ್ರಿ ಯಾರಿಗೆ ಬೇಕು? ಬಾಯ್ಲರ್ ವಾರಕ್ಕೆ ಎರಡೇ ದಿನ ಹಚ್ಚುತ್ತಿದ್ದೆ. ಕೆಲಸದವರನ್ನು ಬಿಡಿಸಿದೆ. ಖಾಲಿ ಅಂಗಡಿಯಲ್ಲಿ ಒಬ್ಬನೇ ಕೂತು ಕೈ ಹಿಸುಕಿಕೊಳ್ಳುತ್ತಿದ್ದೆ. ಅಂಕಲ್ ಬರುವಂತಿರಲಿಲ್ಲ. ವಯಸ್ಸು ಎಪ್ಪತ್ತೆಂಟು, ಮಗಳು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಅಂಥ ಒಂದು ಸೋಮವಾರ ಆ ಮಗಳೇ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, ಗಾಜು ನಾಲ್ಕು ಬೆರಳಷ್ಟು ಇಳಿಸಿ ಮಾಸ್ಕಿನೊಳಗಿಂದ ಕೂಗಿದಳು.

“ಅಣ್ಣಾ, ಹಿಂದಿನ ಸೀಟಲ್ಲಿ ಬ್ಯಾಗ್ ಉಂಟು, ತಕೊಳ್ಳಿ. ಡ್ಯಾಡಿದು ಒಂದು ಶರ್ಟ್. ಭುಜದ ಹೊಲಿಗೆ ಬಿಟ್ಟಿದೆಯಂತೆ, ಹಾಕಿ ಕೊಡ್ಬೇಕಂತೆ. ಜರ್ಮನಿಗೆ ಶಿಪ್ ಮಾಡ್ಲಿಕ್ಕೆ ಉಂಟು, ಕ್ಲಬ್ಬಿಗೆ.”

ಒಳಗೆ ಬಂದು ಬಿಚ್ಚಿದೆ. ಗೋಲ್‌ಕೀಪರಿನ ಉದ್ದ ತೋಳಿನ ಬೂದು ಅಂಗಿ. ಮೊಣಕೈಗೆ ಒಳಗಿಂದ ಹತ್ತಿಯ ದಿಂಬು. ಎದೆಯಿಂದ ಹೊಟ್ಟೆಯವರೆಗೆ ಒಣಗಿದ ಕೆಂಪು ಮಣ್ಣು ಹಪ್ಪಳದ ಹಾಗೆ ಕೂತಿತ್ತು. ಎಡ ಪಕ್ಕೆಯಲ್ಲಿ ಹುಲ್ಲಿನ ಹಸಿರು ಉಜ್ಜಿದ ಗುರುತು. ಎಷ್ಟೋ ವರ್ಷದ ಕಲೆ.

ತೊಳೆಯಿರಿ ಅಂತ ಅವಳು ಹೇಳಿರಲಿಲ್ಲ. ಅದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಫೋನು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅಂಕಲ್, ಇದನ್ನೇನು ಮಾಡಲಿ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನನಗೆ ಧೈರ್ಯವಿಲ್ಲ ಅಂದುಕೊಂಡಾರು ಅನಿಸಿತು. ಮುದುಕ ಕೊನೆಗೂ ಪರೀಕ್ಷೆಗೆ ಕಳಿಸಿದ್ದಾನೆ, ಹೊಲಿಗೆ ಬರೀ ನೆಪ ಅಂದುಕೊಂಡೆ. ಅದರ ಮೇಲೆ ಅಂಗಿ ಹೋಗುವುದು ಜರ್ಮನಿಗೆ. ಅಲ್ಲಿನವರು ನೋಡಲಿ, ನಮ್ಮವರ ಕೈ ಎಂಥದ್ದು ಅಂತ.

ಮಣ್ಣಿನ ಕಲೆಗೆ ಮೊದಲು ನೀರು ಸೋಕಿಸಬಾರದು. ಮೆತ್ತನೆಯ ಬ್ರಷ್ಷಿನಿಂದ ಒಂದು ಗಂಟೆ ಕೆರೆದೆ. ಕೆಂಪು ಪುಡಿ ಮೇಜಿನ ಮೇಲೆ ಹಿಡಿಯಷ್ಟು ಉದುರಿತು. ಗುಡಿಸಿ ಕಸಕ್ಕೆ ಹಾಕಿದೆ. ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟೆ. ಮಣ್ಣಿನ ಕಬ್ಬಿಣದ ಕೆಂಪಿಗೆ ತುಕ್ಕು ತೆಗೆಯುವ ದ್ರಾವಣವನ್ನು ಹನಿ ಹನಿಯಾಗಿ ಹಾಕಿದೆ. ಹುಲ್ಲಿನ ಹಸಿರಿಗೆ ಸ್ಪಿರಿಟ್, ಆಮೇಲೆ ನೆನೆಸುವ ಪುಡಿ. ಹಾಗೆ ಮೂರು ದಿನ. ತಿಂಗಳುಗಳಿಂದ ಸತ್ತಂತಿದ್ದ ಕೈಗೆ ಜೀವ ಬಂದಿತ್ತು. ಕೊನೆಗೆ ಭುಜಕ್ಕೆ ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿದು, ಹಬೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ನೆರಳೂ ಇರಲಿಲ್ಲ. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ಒಂದು ಬಟ್ಟೆ ತೊಳೆದಿಲ್ಲ.

ಮಗಳು ಬಂದು ತೆಗೆದುಕೊಂಡು ಹೋದಳು. “ವಾವ್, ಹೊಸದರ ಹಾಗೆ ಆಗಿದೆ ಅಣ್ಣ,” ಅಂದಳು.

ಮಾರನೆಯ ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಹಳದಿ ವೆಸ್ಟ್ ಕಂಡಿತು. ಮಾಸ್ಕು ಗಲ್ಲಕ್ಕೆ ಜಾರಿತ್ತು. ಕೈಯಲ್ಲಿ ಅಂಗಿ. ಒಳಗೆ ಬರಲಿಲ್ಲ, ಕೂರಲಿಲ್ಲ. ನಾನು ಹಲ್ಲು ಬಿಟ್ಟುಕೊಂಡು ಹೊರಗೆ ಹೋದೆ.

“ಮಣ್ಣು ಎಲ್ಲಿ?” ಅಂದರು.

“ಪೂರ್ತಿ ತೆಗ್ದೆ ಅಂಕಲ್. ನೋಡ್ಕೊಳ್ಳಿ ಬೇಕಾದ್ರೆ.”

“ಅಲ್ಲ. ಕೆರೆದ ಮಣ್ಣು. ಅದನ್ನು ಎಲ್ಲಿ ಹಾಕಿದ್ದಿ?”

“ಟ್ರ್ಯಾಶಿಗೆ...”

“ಟ್ರಕ್ ಯಾವಾಗ ಬಂದದ್ದು?”

“ಮಂಗಳವಾರ.”

ಅಂದು ಶುಕ್ರವಾರ. ಅವರು ಅಂಗಿಯನ್ನು ಕಾರೊಂದರ ಬಾನೆಟ್ಟಿನ ಮೇಲೆ ಹಾಸಿ ಅಂಗೈಯಿಂದ ನೇವರಿಸಿದರು. ಆಗ ಹೇಳಿದರು, ಅದುವರೆಗೆ ಹೇಳದ ಆ ಕೊನೆಯ ಪಂದ್ಯದ ಕಥೆ. ಮಳೆ ಸುರಿದಿತ್ತಂತೆ. ಆಟ ಮುಗಿದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಂಡರು. ಇವರು ಯಾವ ಫೋಟೋದಲ್ಲೂ ಇಲ್ಲ, ಯಾವಾಗಲೂ ಇರಲಿಲ್ಲ. ಫೋಟೋದ ಹೊತ್ತಿಗೆ ನೆಲಮಾಳಿಗೆಯಲ್ಲಿ ನೀರು ಕಾಯಿಸುತ್ತಿದ್ದರು. ಗೋಲ್‌ಕೀಪರ್ ಕೆಳಗೆ ಇಳಿದು ಬಂದು ಅಂಗಿ ಬಿಚ್ಚಿ ಇವರ ಕೈಗೆ ಕೊಟ್ಟು, ಇದನ್ನು ಮಾತ್ರ ತೊಳೆಯಬೇಡ, ಮೈದಾನ ಇನ್ನು ಇದರಲ್ಲಿ ಮಾತ್ರ ಇರುವುದು ಅಂದನಂತೆ. ಮೂವತ್ತೊಂದು ಸೀಸನ್ನಿನಲ್ಲಿ ಅವರು ತೊಳೆಯದೆ ಬಿಟ್ಟ ಒಂದೇ ಅಂಗಿ. ಹಳೆಯ ಮೈದಾನದ್ದು ಏನಾದರೂ ಇದ್ದರೆ ಕಳಿಸಿ, ಅದರ ಕಥೆಯನ್ನೂ ಕಳಿಸಿದವರ ಹೆಸರನ್ನೂ ಪುಸ್ತಕದಲ್ಲಿ ಹಾಕುತ್ತೇವೆ ಅಂತ ಕಾಗದದಲ್ಲಿ ಇತ್ತಂತೆ. ನಾನು ಕೈ ಒರೆಸಿಕೊಂಡು ಹಿಡಿದುಕೊಂಡಿದ್ದ ಅದೇ ಕಾಗದದಲ್ಲಿ.

ಅವರು ಅಂಗಿಯ ಒಳಬದಿ ತಿರುಗಿಸಿ, ಎದೆಯ ಭಾಗವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಲಸ ಬಲ್ಲವರ ಕಣ್ಣು, ಅದಕ್ಕೆ ಬೇರೆ ಥರ ನೋಡಲು ಬರುವುದಿಲ್ಲ.

“ಒಳ್ಳೆ ತೊಳ್ದಿದ್ದಿ ಮಾರಾಯ,” ಅಂದರು. “ನನ್ನಿಂದ ಆಗ್ತಿರ್ಲಿಲ್ಲ.”

ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅಂಗಡಿಗೆ ಬರಲಿಲ್ಲ. ಲಸಿಕೆ ಬಂತು, ಜನ ಓಡಾಡತೊಡಗಿದರು, ಕುರ್ಚಿ ಅಲ್ಲೇ ಇತ್ತು. ಎರಡು ಸಲ ಫೋನ್ ಮಾಡಿದೆ. ‘ಹುಷಾರುಂಟು, ಮಂಡಿ ಸ್ವಲ್ಪ ನೋವು’ ಅಂದರು. ಮೂರನೇ ಸಲ ನಾನು ಮಾಡಲಿಲ್ಲ.

ಅಂಗಿಯನ್ನು ಅವರು ಹಾಗೇ ಕಳಿಸಿದರಂತೆ, ಜೊತೆಗೆ ಅದರ ಕಥೆ ಬರೆದ ಕಾಗದವನ್ನೂ. ಮುಂದಿನ ವರ್ಷ ಹೃದಯ ನಿಂತು ಹೋದರು. ಮಗಳು ಅವರ ಕಪ್ಪು ಸೂಟು ತಂದುಕೊಟ್ಟಳು. ನಾನೇ ಪ್ರೆಸ್ ಮಾಡಿದೆ. ಕಾಲರಿಗೆ ಮೂರು ಸಲ ಹಬೆ ಕೊಟ್ಟೆ.

ಪುಸ್ತಕ ಬಂದದ್ದು ಅದಾದ ಮೇಲೆ. ಅವಳು ಷಾರ್ಲಟ್‌ಗೆ ಮನೆ ಬದಲಿಸುವ ವಾರ, ಕೊನೆಯ ಬಟ್ಟೆಗಳನ್ನು ಒಯ್ಯಲು ಬಂದಾಗ ತಂದಿದ್ದಳು. ದಪ್ಪ ರಟ್ಟು, ನುಣುಪು ಕಾಗದ. ಅಧ್ಯಕ್ಷರುಗಳ ಫೋಟೋ, ಖಜಾಂಚಿಗಳ ಫೋಟೋ, ಚೆಂಡು ದಾನ ಮಾಡಿದ ಮಾಂಸದಂಗಡಿಯವನ ಫೋಟೋ. ನೂರು ವರ್ಷ ಆ ಬಟ್ಟೆಗಳು ತಮ್ಮಷ್ಟಕ್ಕೆ ತಾವೇ ಶುಭ್ರವಾದವು ಅಂತ ಕಾಣುತ್ತದೆ.

“ಎಲ್ಲ ಪೇಜ್ ನೋಡಿದೆ ಅಣ್ಣ,” ಅಂದಳು. “ಮ್ಯಾನೇಜ್‌ಮೆಂಟ್ ಲಿಸ್ಟಲ್ಲಿ ಇಲ್ಲ. ಎಲ್ಲಿಯೂ ಇಲ್ಲ. ಮಮ್ಮಿಗೆ ಅಷ್ಟು ವರ್ಷ ಕ್ಲಬ್, ಕ್ಲಬ್ ಅಂತ ಬರ್ದದ್ದು... ಡ್ಯಾಡಿ ಸುಳ್ಳು ಹೇಳಿದ್ದಾ? ನಿಮ್ಮ ಹತ್ರ ತುಂಬಾ ಮಾತಾಡ್ತಿದ್ರಲ್ಲ. ನಿಮ್ಗೆ ಎಂತಾದ್ರೂ ಗೊತ್ತುಂಟಾ?”

ಬಾಯಿ ತೆರೆದೆ. ಅಂಗಿ ತೊಳೆಯುತ್ತಿದ್ದರು ಅಂದರೆ, ಪುಸ್ತಕದಲ್ಲಿ ಯಾಕಿಲ್ಲ ಅಂತ ಕೇಳುತ್ತಾಳೆ. ಯಾಕಿಲ್ಲ ಅನ್ನುವುದಕ್ಕೆ ನನ್ನ ಕೈಯನ್ನೇ ತೋರಿಸಬೇಕು. ಹನ್ನೆರಡನೇ ವಯಸ್ಸಿನಿಂದ ನನಗೆ ಇರುವ ಹೆಮ್ಮೆ ಈ ಕೈಯೊಂದೇ.

“ಗೊತ್ತಿಲ್ಲಮ್ಮ,” ಅಂದೆ.

“ಹೋಗ್ಲಿ ಬಿಡಿ. ಇದು ನೀವೇ ಇಟ್ಕೊಳ್ಳಿ, ಅಲ್ಲಿ ಹೊಸ ಮನೆಯಲ್ಲಿ ಎಂತಕ್ಕೆ,” ಅಂತ ಪುಸ್ತಕವನ್ನು ಕೌಂಟರಿನ ಮೇಲೆ ಬಿಟ್ಟು ಹೋದಳು.

ಕೊನೆಯ ಹಾಳೆಗಳಲ್ಲಿ ಒಂದು ಗಾಜಿನ ಪೆಟ್ಟಿಗೆಯ ಚಿತ್ರವಿದೆ. ಒಳಗೆ ಆ ಬೂದು ಅಂಗಿ ತೋಳು ಚಾಚಿಕೊಂಡು ನಿಂತಿದೆ. ಕೆಳಗಿನ ಸಾಲಿಗೆ ಫೋನು ಹಿಡಿದೆ. ಫೋನು ಅದನ್ನು ಕನ್ನಡ ಮಾಡಿ ತೋರಿಸಿತು. ಹಳೆಯ ಮೈದಾನದ ಕಾಲದ ಗೋಲ್‌ಕೀಪರ್ ಅಂಗಿ, ಬಳಸದೆ ಉಳಿದದ್ದು. ಅವರು ಬರೆದು ಕಳಿಸಿದ ಕಥೆಯನ್ನು ಅಂಗಿ ನೋಡಿದ ಯಾರೂ ನಂಬಿರಲಿಕ್ಕಿಲ್ಲ.

ಷಾರ್ಲಟ್ ಇಲ್ಲಿಂದ ನಾಲ್ಕು ಗಂಟೆಯ ಡ್ರೈವ್. ಅವಳ ನಂಬರ್ ನನ್ನ ಫೋನಿನಲ್ಲಿದೆ, ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಮೆಸೇಜು ಬರುತ್ತದೆ, ನಾನೂ ಕೈ ಮುಗಿದ ಚಿತ್ರ ಕಳಿಸುತ್ತೇನೆ. ಅಪ್ಪ ಮೂವತ್ತು ವರ್ಷ ತನ್ನನ್ನು ಬಿಟ್ಟು ಎಲ್ಲಿದ್ದರೋ, ಭಾನುವಾರಗಳಲ್ಲಿ ಯಾರ ಜೊತೆಗಿದ್ದರೋ ಅಂತ ಅವಳು ಏನೇನು ಅಂದುಕೊಂಡಿದ್ದಾಳೋ ನನಗೆ ಗೊತ್ತಿಲ್ಲ. ಅವರು ಎಲ್ಲಿದ್ದರು ಅನ್ನುವುದು ಮಾತ್ರ ಗೊತ್ತು. ಈ ದೇಶದಲ್ಲಿ ಅದು ಗೊತ್ತಿರುವವನು ನಾನೊಬ್ಬನೇ.